ಸಹಾನುಭೂತಿಯಿಂದ ಪರಿಶೀಲಿಸಲಾಗುವುದು

ನಾನು ಬಿಬಿಎಂ ಓದುತ್ತಿದ್ದ ಕಾಲಕ್ಕೆ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಯಾರಿಗೂ ಆ ಮೂರು ಅಕ್ಷರದ ಅರ್ಥ ಗೊತ್ತಿರಲಿಲ್ಲ. ಬಿಕಾಂ ಅಂದರೆ ಬ್ಯಾಂಕು, ಬಿಎಸ್ಸಿ ಅಂದರೆ ಮೇಷ್ಟ್ರ ಕೆಲಸ, ಬಿಬಿಎಂ ಅಂದರೆ ಏನು ಎಂದು ಕೇಳಿದವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು. ಎರಡನೇ ವರ್ಷ ಮಾನವ ಸಂಪನ್ಮೂಲ ನಿರ್ವಹಣೆ ಎಂಬ ವಿಷಯ ಬಂದ ಮೇಲಂತೂ ಇನ್ನೂ ಫಜೀತಿ. "ಜನಗಳನ್ನ ಮ್ಯಾನೇಜ್ ಮಾಡೋದನ್ನೂ ಪುಸ್ತಕ ನೋಡಿ ಕಲೀತಾರಾ?" ಎಂದು ಹಾಲು ಹಾಕುವವಳಿಂದ ಹಿಡಿದು ಮದುವೆ ಮನೆಯಲ್ಲಿ ಸಿಕ್ಕಿದ ದೂರದ ಚಿಕ್ಕಪ್ಪನವರೆಗೆ ಎಲ್ಲರೂ ಕೇಳಿದವರೇ. ಅಪ್ಪ ಮಾತ್ರ ಏನೂ ಕೇಳಲಿಲ್ಲ. ಅವರು ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕ ನಿಂತೇ ಸರ್ವೀಸು ಕಳೆದವರು, ಯೂನಿಯನ್ನಿನ ಗೇಟ್ ಮೀಟಿಂಗ್ ಒಂದನ್ನೂ ತಪ್ಪಿಸದವರು. "ಅದು ಪರ್ಸನಲ್ ಡಿಪಾರ್ಟ್‌ಮೆಂಟಿನ ಕೆಲಸ. ಅಲ್ಲಿಂದ ಕವರ್ ಬಂತು ಅಂದ್ರೆ ಚಾರ್ಜ್‌ಶೀಟು. ಅದನ್ನ ಬರಿಯೋದು ಹೆಂಗೆ ಅಂತ ಕಲೀತಿದ್ದೀಯ, ಅಷ್ಟೆ," ಎಂದು ಹೇಳಿ ಅನ್ನಕ್ಕೆ ಸಾರು ಕಲಸಿಕೊಂಡರು.

ದಿನಾ ನನ್ನ ಜೊತೆ ಶಿವಮೊಗ್ಗದ ಕಾಲೇಜಿಗೆ ಬರುತ್ತಿದ್ದವಳು ನಮ್ಮ ಗೋಡೆಯ ಆಚೆ ಮನೆಯ ಗೆಳತಿ. ಅವಳ ಅಪ್ಪನದೂ ಅದೇ ಕಾರ್ಖಾನೆ, ಅದೇ ಯೂನಿಯನ್. ನಮ್ಮಪ್ಪ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟುವವರಾದರೆ ಅವಳಪ್ಪ ಮೈಕ್ ಹಿಡಿಯುವವರು. ಅವರ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಬಸ್ ಸ್ಟ್ಯಾಂಡಿಗೆ ಮೊದಲು ಬಂದವಳು ಕಿಟಕಿಯಲ್ಲಿ ಕರ್ಚೀಫ್ ತೂರಿಸಿ ಇನ್ನೊಬ್ಬಳಿಗೆ ಸೀಟು ಹಿಡಿಯಬೇಕು ಎಂಬುದು ಪಿಯುಸಿಯಿಂದ ನಮ್ಮಿಬ್ಬರ ನಡುವೆ ನಡೆದುಬಂದ ಕಾನೂನು. ಸಾಲಿನ ಹೆಂಗಸರಿಗೂ ಅಂಥ ಕಾನೂನುಗಳಿದ್ದವು. ಒಬ್ಬರ ಮನೆಯಲ್ಲಿ ಮೊಸರು ಕೆಟ್ಟರೆ ಪಕ್ಕದ ಮನೆಯವರು ಹೆಪ್ಪು ಕೊಡಬೇಕು. ಆದರೆ ಮುಷ್ಕರದ ಹೊತ್ತಿನಲ್ಲಿ ಕದ್ದು ಕೆಲಸಕ್ಕೆ ಹೋದವನ ಮನೆಗೆ ಮಾತ್ರ ಹೆಪ್ಪು ಇಲ್ಲ. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಮಗೆ ಈ ವಿಷಯ ಹೇಳಲು ಬಂದವರು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎರಡು ಮೂರು ವರ್ಷದ ಹಿಂದೆ ಎಂಬಿಎ ಮುಗಿಸಿದ್ದ ಒಬ್ಬ ಸರ್. ಚಿಕ್ಕ ವಯಸ್ಸು, ದೊಡ್ಡ ಕಾಲರಿನ ಅಂಗಿ, ಒದ್ದು ಒದ್ದು ಬೆವರು ಬಂದ ಮೇಲೆ ಸ್ಟಾರ್ಟ್ ಆಗುವ ಸ್ಕೂಟರು. ಖಾಸಗಿ ಕಾಲೇಜಿನಲ್ಲಿ ಪಾರ್ಟ್ ಟೈಮ್ ಉಪನ್ಯಾಸಕರು. ಪಾರ್ಟ್ ಟೈಮ್ ಅಂದರೆ ಬೆಳಗಿನಿಂದ ಸಂಜೆಯವರೆಗೆ ಪಾಠ, ಪರೀಕ್ಷೆ ಡ್ಯೂಟಿ, ಕಾಲೇಜು ಡೇಗೆ ಕುರ್ಚಿ ಎಣಿಸುವುದು, ಎಲ್ಲ ಇದೆ, ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬುದು ಮಾತ್ರ ಇಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಪ್ರಿನ್ಸಿಪಾಲರು ಕರೆದು ಮುಂದುವರಿಯಿರಿ ಅಂದರೆ ಉಂಟು, ಅನ್ನದಿದ್ದರೆ ಇಲ್ಲ. ಇದನ್ನು ಸರ್ ಮುಚ್ಚಿಟ್ಟಿರಲಿಲ್ಲ. ಶಿವಮೊಗ್ಗದ ರಾಗಿಗುಡ್ಡದಲ್ಲಿ ಬಾಡಿಗೆ ಮನೆ, ಹೆಂಡತಿ, ಕೈಗೂಸು. ಬೇಸಿಗೆ ಬಂತೆಂದರೆ ಮನೆ ಓನರು ಬಾಗಿಲಲ್ಲಿ ನಿಂತು, "ಈ ವರ್ಷ ಇರ್ತೀರಾ ಸಾರ್, ಇಲ್ಲ ಬೇರೆಯವ್ರಿಗೆ ಹೇಳ್ಲಾ?" ಎಂದು ಕೇಳುತ್ತಾರಂತೆ. ಆ ಕಥೆಯನ್ನು ಅವರು ಉದ್ಯೋಗ ಭದ್ರತೆ ಎಂಬ ಅಧ್ಯಾಯಕ್ಕೆ ಉದಾಹರಣೆಯಾಗಿ ಹೇಳಿ ತಾವೇ ನಕ್ಕರು. ನಾವೂ ನಕ್ಕೆವು. ನಗುವಂಥದ್ದು ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ತಿಳಿಯದು.

ಅವರ ಪಾಠದ ಬಗ್ಗೆ ಹೇಳಬೇಕೆಂದರೆ, ಮೊದಲರ್ಧ ವರ್ಷ ಬರೀ ನೋಟ್ಸು. ಅವರು ಹೇಳುವುದು, ನಾವು ಬರೆಯುವುದು. ಸರಿಯಾದ ಜನರನ್ನು ಸರಿಯಾದ ಕೆಲಸಕ್ಕೆ ಸರಿಯಾದ ಸಮಯದಲ್ಲಿ ಹಚ್ಚುವುದೇ ಮಾನವ ಸಂಪನ್ಮೂಲ ನಿರ್ವಹಣೆ ಎಂದು ಇಂಗ್ಲಿಷಿನಲ್ಲಿ ಎಷ್ಟು ಸಲ ಬರೆದೆನೋ. ಕೈ ನೋಯುತ್ತಿತ್ತು, ತಲೆಗೆ ಏನೂ ಹತ್ತುತ್ತಿರಲಿಲ್ಲ. ನಮ್ಮೂರಲ್ಲಿ ಸರಿಯಾದ ಸಮಯಕ್ಕೆ ಸರಿಯಾದ ಕೆಲಸ ಸಿಕ್ಕಿದ ಒಬ್ಬನೇ ಒಬ್ಬನನ್ನು ನಾನು ಕಂಡಿರಲಿಲ್ಲ. ಹಾಗಂತ ಪರೀಕ್ಷೆಯಲ್ಲಿ ಬರೆಯುವುದಕ್ಕೆ ಆಗುತ್ತದೆಯೇ? ಬಾಯಿ ಮುಚ್ಚಿಕೊಂಡು ಉರು ಹೊಡೆದೆವು.

ಸಾಮೂಹಿಕ ಚೌಕಾಶಿಯ ಪಾಠ ಬಂದಾಗ ಸರ್‌ಗೆ ಏನನ್ನಿಸಿತೋ, ನೋಟ್ಸಿನ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಇದನ್ನು ಓದಿ ಕಲಿಯುವುದಲ್ಲ, ಆಡಿ ಕಲಿಯಬೇಕು ಎಂದರು. ಎಕ್ಸ್‌ವೈಝಡ್ ಲಿಮಿಟೆಡ್ ಎಂಬ ಕಂಪನಿ. ಅದರಲ್ಲಿ ಪದೇ ಪದೇ ತಡವಾಗಿ ಬಂದ ಒಬ್ಬ ಕಾರ್ಮಿಕ ಸಸ್ಪೆಂಡ್ ಆಗಿದ್ದಾನೆ. ಯೂನಿಯನ್ ಅವನನ್ನು ವಾಪಸ್ ತೆಗೆದುಕೊಳ್ಳಿ ಎನ್ನುತ್ತದೆ, ಆಡಳಿತ ಮಂಡಳಿ ಆಗದು ಎನ್ನುತ್ತದೆ. ಎರಡು ಬೆಂಚನ್ನು ಎದುರುಬದುರು ಹಾಕಿ ಮಾತಾಡಬೇಕು. ಬೆಲ್ಲು ಹೊಡೆಯುವುದರೊಳಗೆ ಒಪ್ಪಂದಕ್ಕೆ ಸಹಿ ಬಿದ್ದರೆ ಇಡೀ ಕ್ಲಾಸಿಗೆ ಇಂಟರ್ನಲ್ಸ್‌ನಲ್ಲಿ ಪೂರ್ತಿ ಮಾರ್ಕ್ಸು, ಬೀಳದಿದ್ದರೆ ಯಾರಿಗೂ ಇಲ್ಲ. ಇಷ್ಟು ಹೇಳಿ ಚೀಟಿ ಎತ್ತಿಸಿದರು. ಗೆಳತಿಗೆ ಯೂನಿಯನ್ ಅಧ್ಯಕ್ಷಗಿರಿ ಬಂತು. ಶಿವಮೊಗ್ಗದ ಕೋಟೆಯ ಕಡೆಯಿಂದ ಬರುತ್ತಿದ್ದ, ಅಪ್ಪನದು ಅಡಿಕೆ ಮಂಡಿ ಇದ್ದ ಹುಡುಗ ಸಸ್ಪೆಂಡ್ ಆದ ಕಾರ್ಮಿಕನಾದ. ನಾನು ಆಡಳಿತ ಮಂಡಳಿಯ ಪರ್ಸನಲ್ ಮ್ಯಾನೇಜರು.

ಒಂದು ಪೀರಿಯಡ್ಡಿನ ಆಟ ಅದು. ಬೇರೆ ಯಾವ ಊರಿನ ಮಕ್ಕಳಾಗಿದ್ದರೂ ಮಾರ್ಕ್ಸಿನ ಆಸೆಗೆ ಮುಗಿಬಿದ್ದು ಸಹಿ ಹಾಕಿ ಕ್ಯಾಂಟೀನಿಗೆ ಹೋಗಿರುತ್ತಿದ್ದರು. ನಾನೂ ಹಾಗೇ ಅಂದುಕೊಂಡು, ಎರಡೂ ಕಡೆಗೆ ಒಪ್ಪಿಗೆಯಾಗುವಂಥ ಮಾತು ಹೇಳಿದೆ: ಒಂದು ಎಚ್ಚರಿಕೆ ಪತ್ರ ಕೊಟ್ಟು ಅವನನ್ನು ವಾಪಸ್ ತೆಗೆದುಕೊಳ್ಳುತ್ತೇವೆ. ಮುಗಿಯಿತಲ್ಲ? ಇನ್ನೂ ಅರ್ಧ ಪೀರಿಯಡ್ ಬಾಕಿ ಇತ್ತು. ಸರ್ ಪೆನ್ನಿನ ಕ್ಯಾಪ್ ತೆಗೆದು ಮುಂದೆ ಬಂದರು.

ಗೆಳತಿ ಪೆನ್ನು ಮುಟ್ಟಲಿಲ್ಲ. "ಸಾರ್, ಮೊದಲನೇ ಸಿಟ್ಟಿಂಗಲ್ಲಿ ಯಾರೂ ಸೈನ್ ಹಾಕಲ್ಲ," ಎಂದಳು.

"ಯಾಕಮ್ಮ?"

"ಹಾಕಿದ್ರೆ ಅಧ್ಯಕ್ಷರು ಏನೋ ತಿಂದಿದ್ದಾರೆ ಅಂತಾರೆ ಸಾರ್. ನಮ್ಮಪ್ಪ ಎದ್ದು ಹೊರಗೆ ಬರ್ತಾರೆ, ಗೇಟಲ್ಲಿ ಎಲ್ಲರನ್ನೂ ಕೇಳಿ ಆಮೇಲೆ ಒಳಗೆ ಹೋಗ್ತಾರೆ."

ಯೂನಿಯನ್ ಬೆಂಚಿನಲ್ಲಿ ಕೂತಿದ್ದ ಭದ್ರಾವತಿ ಬಸ್ಸಿನವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಅವಳು ಎದ್ದಳು. ಅವಳ ಹಿಂದೆ ಇಡೀ ಬೆಂಚು ಎದ್ದು ನಡೆಯಿತು. ಅವರು ಹೊರಗೆ ನಿಂತು ಎಲ್ಲರನ್ನೂ ಕೇಳಿ ಮುಗಿಸುವುದರೊಳಗೆ ಬೆಲ್ಲು ಹೊಡೆಯಿತು. ಸರ್ ಪೆನ್ನಿನ ಕ್ಯಾಪ್ ಹಾಕಿ, ಪರವಾಗಿಲ್ಲ, ನಾಳೆ ಮುಗಿಸೋಣ ಎಂದರು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಮಾರನೇ ದಿನ ಯೂನಿಯನ್ನಿನವರು ಎಚ್ಚರಿಕೆ ಪತ್ರವೂ ಬೇಡ ಎಂದರು. ಅದರ ಮಾರನೇ ದಿನ ಸಸ್ಪೆಂಡ್ ಮಾಡಿದ್ದಕ್ಕೆ ಆಡಳಿತ ಮಂಡಳಿ ವಿಷಾದ ಸೂಚಿಸಬೇಕು ಎಂದರು. ವಿಷಾದವಂತೆ! ತಡವಾಗಿ ಬಂದವನು ಅವನು, ವಿಷಾದ ನಾನು ಸೂಚಿಸಬೇಕಂತೆ! ನನ್ನ ಪಕ್ಕ ಕೂತಿದ್ದ ಆಡಳಿತ ಮಂಡಳಿಯ ಉಳಿದ ಸದಸ್ಯರೆಲ್ಲ ಶಿವಮೊಗ್ಗದ ಪೇಟೆಯವರು, ಅವರಿಗೆ ಮಾರ್ಕ್ಸು ಒಂದೇ ಚಿಂತೆ, "ಸೂಚಿಸ್ಬಿಡು ಮಾರಾಯ್ತಿ, ಏನು ಹೋಗುತ್ತೆ ನಿಂದು?" ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದರು. ನನಗೂ ಹಟ ಬಂತು. ಸೂಚಿಸುವುದಿಲ್ಲ ಎಂದೆ. ಮಂಡಿ ಹುಡುಗನಿಗೆ ಮಾತ್ರ ಸುಗ್ಗಿ. ಹುಟ್ಟಿದಾರಭ್ಯ ಅವನನ್ನು ಯಾರೂ ಅಷ್ಟು ಕನಿಕರದಿಂದ ನೋಡಿರಲಿಕ್ಕಿಲ್ಲ. ಭದ್ರಾವತಿಯ ಹುಡುಗಿಯರು ತಮ್ಮ ಟಿಫನ್ ಡಬ್ಬಿಯ ಚಿತ್ರಾನ್ನ ಅವನಿಗೆ ಕೊಡತೊಡಗಿದರು, ಪಾಪ ಸಸ್ಪೆಂಡ್ ಆದವನು ಎಂದು. ಅವನು ಕಾರಿನಲ್ಲಿ ಕಾಲೇಜಿಗೆ ಬರುತ್ತಿದ್ದವನು.

ಇದೆಲ್ಲ ಕ್ಲಾಸಿನ ನಾಲ್ಕು ಗೋಡೆಯೊಳಗೆ ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಬಸ್ ಹತ್ತಿದರೆ ಗೆಳತಿಯ ಪಕ್ಕದ ಸೀಟಿನಲ್ಲಿ ಕರ್ಚೀಫ್ ಇಲ್ಲ, ಯಾರೋ ಸೊಪ್ಪಿನ ಮೂಟೆಯವಳು ಕೂತಿದ್ದಾಳೆ. "ಏನೇ ಇದು?" ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ, "ಮಾತುಕತೆ ನಡೀತಿರೋವಾಗ ಮ್ಯಾನೇಜ್‌ಮೆಂಟ್ ಪಕ್ಕ ಕೂತ್ರೆ ನಮ್ಮವರು ಏನಂತಾರೆ ಹೇಳು," ಎಂದಳು. ನಾನು ಶಿವಮೊಗ್ಗದವರೆಗೆ ಕಂಬಿ ಹಿಡಿದು ನಿಂತು ಬಂದೆ. ಇವಳ ತಲೆ ಕೆಟ್ಟಿದೆಯೋ ನನ್ನದೋ ಎಂದು ದಾರಿಯುದ್ದಕ್ಕೂ ಯೋಚನೆ.

ಅದೇ ವಾರ ನಮ್ಮ ಮನೆಯ ಮೊಸರು ಲೋಳೆಯಾಯಿತು. ಅಮ್ಮ ಲೋಟ ಹಿಡಿದು ಪಕ್ಕದ ಮನೆಗೆ ಹೋದರು. ಗೆಳತಿಯ ಅಮ್ಮ ಬಾಗಿಲಲ್ಲೇ ನಿಂತು, "ಕೊಡ್ತಿದ್ದೆ ಅಕ್ಕಾ, ಆದ್ರೆ ನಿಮ್ಮನೇಲಿ ಈಗ ಪರ್ಸನಲ್ ಮ್ಯಾನೇಜರ್ ಇದ್ದಾಳಂತಲ್ಲ, ನಮ್ಮೋರನ್ನ ಕೇಳ್ಬೇಕು," ಎಂದು ನಕ್ಕರು. ತಮಾಷೆಗೆ ಅಂದದ್ದು, ಆಮೇಲೆ ಲೋಟದ ತುಂಬ ಕೊಟ್ಟರು ಕೂಡ. ಆದರೆ ಅಮ್ಮ ಆ ಲೋಟವನ್ನು ನನ್ನ ಮುಂದೆ ಕುಕ್ಕಿದ ರೀತಿ ತಮಾಷೆಯದಾಗಿರಲಿಲ್ಲ. "ಇಷ್ಟು ವರ್ಷ ಈ ಸಾಲಲ್ಲಿದ್ದೀನಿ, ಹೆಪ್ಪಿಗೆ ಯಾರೂ ಈ ಮಾತು ಆಡಿರ್ಲಿಲ್ಲ. ಅದೇನು ಓದೋಕೆ ಹೋಗ್ತೀಯೋ ನೀನು!" ಅಪ್ಪನಿಗೆ ವಿಷಯ ಮೊದಲೇ ಮುಟ್ಟಿತ್ತು. ಮೈಕ್ ಹಿಡಿಯುವವರು ಶಿಫ್ಟ್ ಬಿಡುವಾಗ ಹೇಳಿದ್ದರಂತೆ. ಅಪ್ಪ ನನ್ನನ್ನು ಬೈಯಲಿಲ್ಲ. ಪೇಪರಿನ ಹಿಂದಿನಿಂದ, "ಅವನನ್ನ ವಾಪಸ್ ತಗೊಂಡ್ರೆ ನಿನ್ನ ಕಂಪನಿ ಮುಳುಗುತ್ತಾ?" ಎಂದರು. "ಅಪ್ಪಾ, ಅಂಥ ಕಂಪನಿಯೇ ಇಲ್ಲ!" ಎಂದು ಕೂಗಿದೆ. "ಇಲ್ದಿರೋ ಕಂಪನಿ ಮುಳುಗೋದಾದ್ರೂ ಹೆಂಗೆ? ತಗೋ ಮತ್ತೆ," ಎಂದು ಪುಟ ತಿರುಗಿಸಿದರು.

ಉರಿದುಹೋಗಿ ಮಾರನೇ ದಿನ ಸ್ಟಾಫ್ ರೂಮಿಗೆ ಹೋಗಿ ಸರ್‌ಗೆ ದೂರು ಕೊಟ್ಟೆ. ಮನೆಯಲ್ಲಿ ಊಟ ಸೇರುತ್ತಿಲ್ಲ, ಬಸ್ಸಿನಲ್ಲಿ ಸೀಟಿಲ್ಲ, ನನಗೆ ಬೇರೆ ಪಾತ್ರ ಕೊಡಿ ಎಂದೆ. ಸರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಗುಟ್ಟು ಹೇಳುವವರಂತೆ ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡಮ್ಮ, ನೀನು ಪ್ರತಿ ಸಲ ಆಗಲ್ಲ ಅಂತೀಯ, ಅದೇ ತಪ್ಪು. ನಿಜವಾದ ಮ್ಯಾನೇಜರು ಆಗಲ್ಲ ಅನ್ನೋದೇ ಇಲ್ಲ. ನಿಮ್ಮ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಅಂತಾನೆ. ಅಂದ್ರೆ ಏನು? ಏನೂ ಇಲ್ಲ. ಕೊಡೋದಕ್ಕೆ ಮನಸ್ಸಿಲ್ಲದಾಗ ಕೊಡೋದು ಈ ಮಾತು. ಕೇಳಿದವನು ಖುಷಿಯಾಗಿ ಎದ್ದು ಹೋಗ್ತಾನೆ, ಫೈಲು ಇದ್ದಲ್ಲೇ ಇರುತ್ತೆ."

ನಾನು ಆ ಮಾತನ್ನು ಅವತ್ತೇ ಪ್ರಯೋಗಿಸಿದೆ. ಗಂಟಲು ಸರಿಮಾಡಿಕೊಂಡು, ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಎಂದೆ. ಯೂನಿಯನ್ ಬೆಂಚಿನಲ್ಲಿ ಅರ್ಧದಷ್ಟು ಜನಕ್ಕೆ ಸಮಾಧಾನವಾಗಿ ಮುಖ ಅರಳಿತು. ಗೆಳತಿ ಮಾತ್ರ ಮೇಜು ಕುಟ್ಟಿದಳು. "ಇದನ್ನ ನಮ್ಮಪ್ಪ ಮನೇಲಿ ದಿನಾ ಹೇಳಿ ನಗ್ತಾರೆ. ಸಹಾನುಭೂತಿ ಅಂದ್ರು ಅಂದ್ರೆ ಬಾಗಿಲು ಹಾಕಿದ್ರು ಅಂತ. ನಾಳೆ ಗೇಟ್ ಮೀಟಿಂಗ್!" ಸರ್ ಹಿಂದಿನ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಇಂಥ ಕ್ಲಾಸು ತಮ್ಮ ಎಂಬಿಎಯಲ್ಲೂ ಆಗಿರಲಿಲ್ಲ ಎಂದರು. ಅವರು ಅಷ್ಟು ಸಂತೋಷದಲ್ಲಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಗೇಟ್ ಮೀಟಿಂಗ್ ಎಂದರೆ ಕ್ಲಾಸಿನ ಬಾಗಿಲಲ್ಲಿ ಮಾಡುತ್ತಾರೆ ಎಂದು ಸರ್ ಅಂದುಕೊಂಡಿದ್ದರು. ಭದ್ರಾವತಿಯವರಿಗೆ ಗೇಟ್ ಅಂದರೆ ಗೇಟೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾಲೇಜಿನ ದೊಡ್ಡ ಗೇಟಿನ ಮುಂದೆ ಗೆಳತಿ ಕಟ್ಟೆ ಹತ್ತಿ ನಿಂತು ಭಾಷಣ ಶುರುಮಾಡಿದಳು. ಬೇಕೇ ಬೇಕು, ನ್ಯಾಯ ಬೇಕು ಎಂದು ಕೂಗು ಎದ್ದಿತು. ಬಿಎ ಹುಡುಗರು ಯಾಕೆ ಏನು ಎಂದು ಕೇಳದೆ ಬಂದು ಸೇರಿಕೊಂಡು ಇನ್ನೂ ಜೋರಾಗಿ ಕೂಗಿದರು. ಪಿಯುಸಿಯವರು ಸ್ಟ್ರೈಕು, ರಜಾ ಅಂದುಕೊಂಡು ಚೀಲ ಹೆಗಲಿಗೆ ಹಾಕಿ ಮನೆಗೆ ಹೊರಟೇಬಿಟ್ಟರು. ಎದುರಿನ ಜೆರಾಕ್ಸ್ ಅಂಗಡಿಯವನು ಅರ್ಧ ಶಟರ್ ಎಳೆದ. ಸರಿಯಾಗಿ ಅದೇ ಹೊತ್ತಿಗೆ ಊಟ ಮುಗಿಸಿ ಬಂದ ಪ್ರಿನ್ಸಿಪಾಲರ ಕಾರು ಗೇಟಿನ ಹೊರಗೆ ನಿಂತಿತು. ಹಾರ್ನ್ ಹೊಡೆದರೂ ಯಾರೂ ಜಾಗ ಬಿಡಲಿಲ್ಲ. ಗೇಟಿನ ಒಳಗೆ ಆಡಳಿತ ಮಂಡಳಿಯಾಗಿ ಒಬ್ಬಳೇ ನಿಂತಿದ್ದ ನಾನು ಅವರ ಮುಖ ನೋಡಿದೆ. ನೋಡಿದ ಕೂಡಲೇ ಇದು ಆಟದ ಲೆಕ್ಕದಲ್ಲಿ ಮುಗಿಯುವುದಿಲ್ಲ ಎಂದು ಗೊತ್ತಾಯಿತು.

ಮರುದಿನ ಸರ್ ಕ್ಲಾಸಿಗೆ ಬಂದವರು ಕುರ್ಚಿಯ ಮೇಲೆ ಕೂರಲಿಲ್ಲ. "ಸೈನ್ ಹಾಕಿಬಿಡಿ," ಎಂದರು. "ಇಬ್ಬರೂ. ಏನು ಬೇಕಾದ್ರೂ ಬರ್ಕೊಳ್ಳಿ."

ಗೆಳತಿಗೆ ಅರ್ಥವಾಗಲಿಲ್ಲ. "ಯಾಕೆ ಸಾರ್, ನಾವು ಗೆಲ್ತಾ ಇದ್ದೀವಲ್ಲ?"

"ಪ್ರಿನ್ಸಿಪಾಲರು ಕರೆದಿದ್ರು. ಮಕ್ಕಳಿಗೆ ಸ್ಟ್ರೈಕ್ ಮಾಡೋದು ಹೇಳಿಕೊಡೋ ಮೇಷ್ಟ್ರು ನಮಗೆ ಬೇಕಾ ಅಂತ ಯೋಚನೆ ಮಾಡಬೇಕಾಗುತ್ತೆ ಅಂದ್ರು. ಮುಂದಿನ ವರ್ಷಕ್ಕೆ." ಅಷ್ಟು ಹೇಳಿ ಅವರು ಬೋರ್ಡ್ ಒರೆಸತೊಡಗಿದರು. ಬೋರ್ಡಿನ ಮೇಲೆ ಏನೂ ಇರಲಿಲ್ಲ.

ಗೆಳತಿ ಎದ್ದು ನನ್ನ ಬೆಂಚಿಗೆ ಬಂದಳು, ಹಾಳೆ ಎಳೆದು ಸಹಿ ಹಾಕಿದಳು. ನಾನೂ ಹಾಕಿದೆ. ಎಚ್ಚರಿಕೆ ಪತ್ರ ಇತ್ತೋ ಇಲ್ಲವೋ, ವಿಷಾದ ಯಾರು ಸೂಚಿಸಿದರೋ, ಓದಿಯೂ ನೋಡಲಿಲ್ಲ. ಅಷ್ಟು ದಿನದ ಹಾರಾಟವೆಲ್ಲ ಹೀಗೆ ಸಪ್ಪಗೆ ಮುಗಿಯಿತು. ಮಂಡಿ ಹುಡುಗ ಕೆಲಸಕ್ಕೆ ವಾಪಸ್ಸಾದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪ್ರಿನ್ಸಿಪಾಲರ ಹತ್ತಿರ ಹೋಗೋಣ ಎಂದದ್ದು ಗೆಳತಿಯೇ. ಈ ಸಲ ಎರಡೂ ಬೆಂಚು ಸೇರಿ ಹೋದೆವು, ನಾನು, ಅವಳು, ಮಂಡಿ ಹುಡುಗ ಮುಂದೆ, ಉಳಿದವರು ಬಾಗಿಲ ಹೊರಗೆ. ಗೆಳತಿ ಕೈಕಟ್ಟಿ ನಿಂತು, ಗೇಟಿಗೆ ಹೋದದ್ದು ನಾವೇ, ಸರ್ ಹೇಳಿರಲಿಲ್ಲ, ಅವರಷ್ಟು ಚೆನ್ನಾಗಿ ಪಾಠ ಮಾಡುವವರು ಇಲ್ಲ, ಅವರನ್ನೇ ಮುಂದುವರಿಸಬೇಕು ಎಂದು ಒಂದು ಸಲವೂ ತಡವರಿಸದೆ ಹೇಳಿದಳು. ಅವಳಪ್ಪ ಮೈಕಿನಲ್ಲಿ ಕೂಡ ಅಷ್ಟು ಚೆನ್ನಾಗಿ ಮಾತಾಡಿರಲಿಕ್ಕಿಲ್ಲ. ಪ್ರಿನ್ಸಿಪಾಲರು ಸಿಟ್ಟು ಮಾಡಿಕೊಳ್ಳಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಮೇಷ್ಟ್ರ ಮೇಲೆ ನಿಮಗೆ ಇಷ್ಟು ಪ್ರೀತಿ ಇರೋದು ಸಂತೋಷ," ಎಂದರು. "ನಿಮ್ಮ ಮನವಿಯನ್ನು ಮ್ಯಾನೇಜ್‌ಮೆಂಟಿನವರ ಮುಂದೆ ಇಟ್ಟು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು. ಹೋಗಿ, ಕ್ಲಾಸಿಗೆ ಹೋಗಿ."

ಹೊರಗೆ ಬಂದ ಕೂಡಲೇ ಮಂಡಿ ಹುಡುಗ, "ಆಯ್ತಲ್ಲ, ಆಯ್ತಲ್ಲ!" ಎಂದು ಎಲ್ಲರ ಕೈ ಕುಲುಕಿದ. ಹೊರಗೆ ಕಾಯುತ್ತಿದ್ದವರೂ ಹೋ ಎಂದರು. ಗೆಳತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಇವರಿಗೆಲ್ಲ ಏನಾಗಿದೆ, ಇದೇ ಮಾತನ್ನು ನಾನೇ ಇವರ ಮುಂದೆ ಆಡಿ ತೋರಿಸಿರಲಿಲ್ಲವೇ ಎಂದು ನನಗೆ ಮೈ ಪರಚಿಕೊಳ್ಳುವಷ್ಟು ಕೋಪ.

ಸರ್ ಸೈಕಲ್ ಸ್ಟ್ಯಾಂಡಿನ ಹತ್ತಿರ ಸ್ಕೂಟರನ್ನು ಒಂದು ಕಡೆ ವಾಲಿಸಿ, ಎಬ್ಬಿಸಿ, ಮತ್ತೆ ವಾಲಿಸುತ್ತಿದ್ದರು. ಅದು ಸ್ಟಾರ್ಟ್ ಆಗದಿದ್ದಾಗ ಹಾಗೆ ಮಾಡುವುದು ಎಲ್ಲರಿಗೂ ಗೊತ್ತಿತ್ತು. ಅವತ್ತು ಅವರು ಇನ್ನೂ ಒದ್ದೇ ಇರಲಿಲ್ಲ. ನಮ್ಮನ್ನು ಕಾಯುತ್ತಿದ್ದರು.

"ಏನಂದ್ರು?"

ಗೆಳತಿ ತಲೆ ತಗ್ಗಿಸಿದಳು. ಹೇಳಬೇಕಾದವಳು ನಾನೇ ಆದೆ. "ನಮ್ಮ ಮನವಿಯನ್ನ ಸಹಾನುಭೂತಿಯಿಂದ ಪರಿಶೀಲಿಸ್ತಾರಂತೆ ಸಾರ್." ಹೇಳುವಾಗ ಅವರ ಕಣ್ಣು ತಪ್ಪಿಸಿ ನೆಲ ನೋಡಿದೆ. ಅವರು ನಕ್ಕುಬಿಡಲಿ, ನಾನೇ ಹೇಳಿಕೊಟ್ಟಿದ್ದೆನಲ್ಲ ಎನ್ನಲಿ, ಆ ಪ್ರಿನ್ಸಿಪಾಲರನ್ನು ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ.

"ಹಾಗಂದ್ರಾ?" ಎಂದರು ಸರ್. "ಸಹಾನುಭೂತಿಯಿಂದ ಅಂದ್ರಾ? ಅವರ ಬಾಯಲ್ಲೇ ಬಂತಾ?"

ತಲೆ ಎತ್ತಿದರೆ ಅವರ ಮುಖ ಅರಳಿತ್ತು. ಯೂನಿಯನ್ ಬೆಂಚಿನಲ್ಲಿ ಅರಳಿದ ಮುಖಗಳ ಹಾಗೆಯೇ.

"ಸಾರ್," ಎಂದು ನಾನು ಬಾಯಿ ತೆರೆದೆ. ಗೆಳತಿ ಹಿಂದಿನಿಂದ ನನ್ನ ಕೈಯನ್ನು ನೋಯುವಂತೆ ಹಿಂಡಿದಳು.

"ಹಾಗಾದ್ರೆ ಪರವಾಗಿಲ್ಲ ಬಿಡಿ," ಎಂದು ಸರ್ ಸ್ಕೂಟರನ್ನು ನೆಟ್ಟಗೆ ನಿಲ್ಲಿಸಿದರು. "ಮನೆ ಓನರು ಬೆಳಿಗ್ಗೆನೂ ಬಾಗಿಲಲ್ಲಿ ನಿಂತು ಕೇಳ್ತಾ ಇದ್ರು. ಇರ್ತೀವಿ ಅಂತ ಹೇಳಿಬಿಡ್ತೀನಿ."